ಅಕ್ಕನ ಮಾತು ಬರೆದ ಫೋನು

ನನ್ನ ಕಿವಿ ಒಂದೇ ದಿನಕ್ಕೆ ಹೋದದ್ದಲ್ಲ. ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಲ್ಲಿಗೆ ಪಾಲಿಶ್ ಹಿಡಿದವನು ನಾನು. ನಾನು ನಿಲ್ಲುತ್ತಿದ್ದ ಮಷೀನಿನ ಬೆನ್ನಿಗೇ ಕಲ್ಲು ಕೊಯ್ಯುವ ದೊಡ್ಡ ಗರಗಸ. ಮೊದಲು ಗುಬ್ಬಿಗಳ ದನಿ ಹೋಯಿತು. ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಹೆಂಗಸರ ಮಾತು, ಕೊನೆಗೆ ಗಂಡಸರದೂ ಹೋಯಿತು. ಈಗ ಬೆನ್ನ ಹಿಂದೆಯೇ ಲಾರಿ ಹಾರ್ನ್ ಹೊಡೆದರೆ ಎಲ್ಲೋ ದೂರದಲ್ಲಿ ಯಾರೋ ಕೆಮ್ಮಿದಂತೆ ಅನಿಸುತ್ತದೆ, ಅಷ್ಟೆ.

ಕಿವಿ ಮಂದವಾದ ಮೇಲೆ ನನಗೆ ಕಿವಿ ಅಂದರೆ ನನ್ನ ಹೆಂಡತಿ. ನಾವಿಬ್ಬರೂ ಎಲ್ಲಿಗೆ ಹೋದರೂ ಅವಳು ನನ್ನ ಎದುರಿಗೇ ಕೂಡುತ್ತಿದ್ದಳು. ಮಂದಿ ಮಾತಾಡಿ ಮುಗಿಸುವವರೆಗೆ ಕೇಳಿಸಿಕೊಂಡು, ಆಮೇಲೆ ನನ್ನ ಕಡೆ ಮುಖ ತಿರುವಿ, ತುಟಿ ಬಿಡಿಸಿ, ಕೈ ಆಡಿಸಿ ಹೇಳುತ್ತಿದ್ದಳು. ಬೇರೆಯವರ ತುಟಿ ನನಗೆ ಓದಲು ಬರುತ್ತಿರಲಿಲ್ಲ. ಒಬ್ಬನಿಗೆ ಮೀಸೆ, ಒಬ್ಬನ ಬಾಯಲ್ಲಿ ತಂಬಾಕು, ಒಬ್ಬ ಮಾತಾಡುವಾಗ ನೆಲ ನೋಡುತ್ತಾನೆ. ಅವಳ ತುಟಿ ಮಾತ್ರ ನನಗೆ ದೊಡ್ಡ ಅಕ್ಷರದ ಪುಸ್ತಕದ ಹಾಗೆ ತಿಳಿಯುತ್ತಿತ್ತು.

ಕಾರ್ಖಾನೆಯಿಂದ ನನ್ನನ್ನು ಬಿಡಿಸಿದ ದಿನವೂ ಅವಳು ಜೊತೆಗಿದ್ದಳು. ಮಾಲಕರು ಆಫೀಸಿನಲ್ಲಿ ಕೂಡಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಮುಗಿದ ಮೇಲೆ ಅವಳು ನನ್ನ ಕಡೆ ತಿರುಗಿ ಹೇಳಿದಳು: "ನಿಮ್ಮಂಥಾ ಕೈ ಈ ಫ್ಯಾಕ್ಟರಿಗೆ ಮತ್ತ ಸಿಗೂದಿಲ್ಲಂತ. ಭಾಳ ದಣಿದೀರಿ, ಇನ್ನ ಆರಾಮ ಇರ್ರಿ ಅಂತಾರ." ನಾನು ಎದ್ದು ಮಾಲಕರಿಗೆ ಕೈ ಮುಗಿದೆ. ಅವರು ಯಾಕೋ ಮುಖ ಆ ಕಡೆ ಮಾಡಿದರು. ದುಃಖ ಆಗಿರಬೇಕು ಅಂದುಕೊಂಡೆ. ಆ ಮಾತನ್ನು ನಾನು ಊರಲ್ಲಿ ಯಾರ ಮುಂದೆ ತಾನೇ ಹೇಳಿಲ್ಲ! ಚಹಾದಂಗಡಿಯಲ್ಲಂತೂ ಹತ್ತು ಸಲ ಹೇಳಿದ್ದೇನೆ.

ನಾಲ್ಕು ವರ್ಷದ ಹಿಂದೆ ಅವಳು ಹೊಟ್ಟೆಯ ಬ್ಯಾನಿಯಿಂದ ಬಾಗಲಕೋಟೆಯ ದವಾಖಾನಿಯಲ್ಲಿ ಮೂರು ವಾರ ಮಲಗಿ ತೀರಿಕೊಂಡಳು. ನಮಗೆ ಮಕ್ಕಳಿಲ್ಲ. ಬಾದಾಮಿಯಿಂದ ನನ್ನ ಅಕ್ಕ ಬಂದು ಜೊತೆಗಿದ್ದಳು. ಕೊನೆಯ ವಾರದ ಒಂದು ಮಧ್ಯಾಹ್ನ ಹೆಂಡತಿ ಅಕ್ಕನ ಕಡೆ ಮುಖ ಮಾಡಿ ಮಲಗಿ, ತಾಸುಗಟ್ಟಲೆ ಮಾತಾಡಿದಳು. ನಾನು ಕಾಲ ಬದಿ ಸ್ಟೂಲಿನ ಮೇಲೆ ಕೂತು ಮೋಸಂಬಿ ಸುಲಿಯುತ್ತಿದ್ದೆ. ಅವಳ ತುಟಿ ನನಗೆ ಕಾಣುತ್ತಿರಲಿಲ್ಲ. ಅಕ್ಕನ ಮುಖ ಕಾಣುತ್ತಿತ್ತು. ಅಕ್ಕ ಒಮ್ಮೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಒಮ್ಮೆ ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಒಮ್ಮೆ ನನ್ನನ್ನು ನೋಡಿ ಗಕ್ಕನೆ ಬೇರೆ ಕಡೆ ನೋಡಿದಳು.

"ಏನಂತಾಳ?" ಎಂದೆ.

ಹೆಂಡತಿ ನನ್ನ ಕಡೆ ಹೊರಳಿ, "ಏನಿಲ್ಲರಿ, ಹೆಣಮಕ್ಕಳ ಮಾತು," ಅಂದಳು. ಐದನೇ ದಿನಕ್ಕೆ ಹೋದಳು.

ಆಮೇಲೆ ಅಕ್ಕ ಒಂದು ಸಲ ನನಗೆ ಹೇಳಲು ನೋಡಿದಳು. ಒದರಿದಳು, ಕೈಸನ್ನೆ ಮಾಡಿದಳು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ತಿಳಿದವನ ಹಾಗೆ ಗೋಣು ಹಾಕಿದೆ. ಅಕ್ಕ ಸಾಲಿಯ ಮೆಟ್ಟಿಲು ಹತ್ತಿದವಳಲ್ಲ, ಬರೆದು ಕೊಡಲು ಅವಳಿಗೆ ಬರುವುದಿಲ್ಲ. ಕೇಳಲು ನನಗೆ ಬರುವುದಿಲ್ಲ. ಬೇರೆಯವರ ಕೈಲಿ ಬರೆಸುವ ಮಾತೂ ಅದಲ್ಲ ಅನಿಸಿರಬೇಕು ಅವಳಿಗೆ. ಹಾಗಾಗಿ ಆ ಮಾತು ಮೂರು ವರ್ಷಕ್ಕೂ ಹೆಚ್ಚು ಅವಳ ಹತ್ತಿರವೇ ಉಳಿಯಿತು. ನಾನು ಮಾತ್ರ ಒಂದು ತೀರ್ಮಾನಕ್ಕೆ ಬಂದಿದ್ದೆ: ನನ್ನ ಮೇಲೆ ದೂರು ಹೇಳಿರಬೇಕು. ಅಷ್ಟು ವರ್ಷ ಒಬ್ಬನ ಮುಂದೆ ಬಾಯಿ ನೋಯುವ ಹಾಗೆ ಮಾತಾಡಿದವಳು ಹೇಳದೆ ಏನು ಮಾಡುತ್ತಾಳೆ?

ಅವಳು ಹೋದ ಮೇಲೆ ನನ್ನ ಮನೆಯೊಳಗೆ ಮಾತೇ ನಿಂತುಹೋಯಿತು. ಕೆಲವು ದಿನ ನಾನೇ ಜೋರಾಗಿ ಮಾತಾಡಿ ನೋಡಿದೆ. ಗಂಟಲು ಅದುರುವುದು ಗೊತ್ತಾಗುತ್ತಿತ್ತು, ಅಷ್ಟೆ. ಕಿವಿಗೆ ಮಷೀನು ಹಾಕಿಸಿಕೊಂಡೆ. ಅದು ಮಾತನ್ನೂ ದೊಡ್ಡದು ಮಾಡಿತು, ಫ್ಯಾನನ್ನೂ ದೊಡ್ಡದು ಮಾಡಿತು, ತಟ್ಟೆಯ ಸಪ್ಪಳವನ್ನೂ ದೊಡ್ಡದು ಮಾಡಿತು. ಕಾರ್ಖಾನೆಯ ಗರಗಸ ಮತ್ತೆ ತಲೆಯೊಳಗೆ ಬಂದು ನಿಂತ ಹಾಗಾಯಿತು. ತೆಗೆದು ಡಬ್ಬಿಯೊಳಗೆ ಇಟ್ಟೆ.

ಹೋದ ವರ್ಷ ಕಿವಿ ಸೋರಲು ಶುರುವಾಗಿ ಮತ್ತೆ ಬಾಗಲಕೋಟೆಗೆ ಹೋದೆ. ಡಾಕ್ಟರ ಬಾಗಿಲಲ್ಲಿ ನಂಬರು ಕೊಡುವ ಹೆಣ್ಣುಮಗಳು ಏನೋ ಕೇಳಿದಳು. ಕಿವಿ ತೋರಿಸಿ ಕೈ ಅಲ್ಲಾಡಿಸಿದೆ. ಆಕೆ ಬೇಸರ ಮಾಡಿಕೊಳ್ಳಲಿಲ್ಲ. ತನ್ನ ಫೋನು ತೆಗೆದು, ಬಾಯಿ ಹತ್ತಿರ ಹಿಡಿದು ಮಾತಾಡಿ, ನನ್ನ ಮುಂದೆ ಹಿಡಿದಳು. ಅದರ ಮೇಲೆ ಬರೆದಿತ್ತು: "ನಿಮ್ಮ ಸರದಿ ಇನ್ನೂ ಆರು ಜನರ ನಂತರ ಬರುತ್ತದೆ. ಅಲ್ಲಿಯವರೆಗೆ ಊಟ ಮಾಡಿ ಬನ್ನಿ."

ನಾನು ಅದನ್ನು ಎರಡು ಸಲ ಓದಿದೆ. ಗುರುತಿಲ್ಲದವರು ನನಗೆ ಇಷ್ಟು ಉದ್ದದ ಮಾತು ಹೇಳಿ ಎಷ್ಟು ವರ್ಷವಾಗಿತ್ತೋ. ಊಟಕ್ಕೆ ಹೋಗಲಿಲ್ಲ, ಅಲ್ಲಿಯೇ ಬೆಂಚಿನ ಮೇಲೆ ಕೂತು ಒಂದೇ ವಿಚಾರ ಮಾಡಿದೆ. ಅಕ್ಕ ಮಾತಾಡಿದರೆ ಇದು ಬರೆಯುತ್ತದೆ. ಬರೆದದ್ದನ್ನು ನಾನು ಓದುತ್ತೇನೆ.

ಇಳಕಲ್ಲಿಗೆ ಬಂದವನೇ ಬಸ್ ಸ್ಟ್ಯಾಂಡಿನ ಹತ್ತಿರದ ಫೋನಿನ ಅಂಗಡಿಗೆ ಹೋದೆ. ಅಂಗಡಿಯವನ ಅಪ್ಪ ನಮ್ಮ ಕಾರ್ಖಾನೆಯಲ್ಲೇ ಲೋಡಿಂಗ್ ಕೆಲಸಕ್ಕಿದ್ದ ಸಾಬರು, ಹಾಗಾಗಿ ಅವನಿಗೆ ನನ್ನ ಕಿವಿಯ ಕಥೆ ಗೊತ್ತು. ಮಾತಾಡುವ ಬದಲು ರಟ್ಟಿನ ಡಬ್ಬಿಯ ಹಿಂದೆ ಪೆನ್ನಿನಿಂದ ಬರೆದು ತೋರಿಸುತ್ತಿದ್ದ. ನನ್ನ ಮುಂದೆ ಒಂದು ಫೋನು ಇಟ್ಟ. ನವಿಲುಗರಿಯ ಬಣ್ಣ, ತೆಳ್ಳಗೆ, ಹಿಂದೆ ಕ್ಯಾಮರಾದ ಮೂರು ದೊಡ್ಡ ಕಣ್ಣು. "ಕಾಕಾ, ನೋಡಾಕ ತುಟ್ಟಿ ಫೋನ್ ಇದ್ಹಂಗ ಐತಿ, ರೇಟ್ ಕಮ್ಮಿ," ಎಂದು ಬರೆದ.

ನಾನು ಅದರ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದೆ. ಇಪ್ಪತ್ತೆರಡು ವರ್ಷ ಹೊಳಪನ್ನೇ ಮುಟ್ಟಿದ ಬೆರಳು. "ಇದು ಗಾಜಲ್ಲೋ ತಮ್ಮಾ, ಪ್ಲಾಸ್ಟಿಕ್. ಮ್ಯಾಲಷ್ಟ ಹೊಳಪು ಕೊಟ್ಟಾರ," ಎಂದೆ. ಜೋರಾಗಿಯೇ ಹೇಳಿರಬೇಕು, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ನಕ್ಕು ಬರೆದ: "ಖರೆ ಕಾಕಾ. ಮೂರು ಕಣ್ಣಿನ್ಯಾಗ ಕೆಲಸ ಮಾಡೂದೂ ಒಂದ. ಆದ್ರ ಪ್ಲಾಸ್ಟಿಕ್ ಬಿದ್ರ ಒಡಿಯೂದಿಲ್ಲ." ಮಾರುವವನು ಇಷ್ಟು ಖರೆ ಹೇಳಿದ ಮೇಲೆ ಮತ್ತೇನು ನೋಡುವುದು? ತಗೊಂಡೆ. ಮಾತನ್ನು ಬರೆಯುವುದನ್ನೂ ಅವನೇ ಹಾಕಿಕೊಟ್ಟ.

ಒಂದು ವರ್ಷ ಕೈಯಲ್ಲಿ ಹಿಡಿದು ಬಾಳಿದ ಮೇಲೆ ಅದರ ಗುಣ ದೋಷ ನನಗೆ ಗೊತ್ತಾಗಿದೆ. ಬೆರಳು ಇಟ್ಟರೆ ತೆರೆಯುತ್ತದೆ ಎಂದಿದ್ದರು. ನನ್ನ ಬೆರಳಿಗೆ ತೆರೆಯಲಿಲ್ಲ. ಕಲ್ಲು, ನೀರು, ಪುಡಿ ತಿಂದು ಬೆರಳಿನ ಗೆರೆಗಳೇ ಸವೆದುಹೋಗಿವೆ. ಹತ್ತೂ ಬೆರಳು ಇಟ್ಟು ನೋಡಿದೆ, "ಮತ್ತೊಮ್ಮೆ ಪ್ರಯತ್ನಿಸಿ" ಎಂದಿತು. ಈಗ ನಂಬರು ಒತ್ತಿಯೇ ತೆಗೆಯುತ್ತೇನೆ. ಬಿಸಿಲಲ್ಲಿ ಫೋಟೋ ಚಲೋ ಬರುತ್ತದೆ. ಮನೆಯೊಳಗೆ ತೆಗೆದರೆ ಗೋಡೆ, ಮನುಷ್ಯ ಎಲ್ಲ ಒಂದೇ ಹಿಟ್ಟಿನಲ್ಲಿ ಕಲಸಿದ ಹಾಗೆ. ನನ್ನ ಮುಖವನ್ನು ತೆಗೆದರೆ ಸುಕ್ಕು ಅಳಿಸಿ, ಬೆಳ್ಳಗೆ ಮಾಡಿ, ಯಾರೋ ಬೀಗರ ಮನೆಯವನ ಹಾಗೆ ತೋರಿಸುತ್ತದೆ. ಏಪ್ರಿಲ್ ತಿಂಗಳಲ್ಲಿ ಹೊರಗೆ ಹಿಡಿದರೆ ಕಾದು, ತಾನೇ ಮಬ್ಬಾಗುತ್ತದೆ. ಫೋನು ಬಂದರೆ ನನಗೆ ತಿಳಿಯಲಿ ಎಂದು ಅಂಗಡಿಯವನು ಹಿಂದಿನ ಲೈಟು ಮಿಣಮಿಣ ಹೊಡೆಯುವಂತೆ ಮಾಡಿಕೊಟ್ಟಿದ್ದ. ಅದು ಒಳ್ಳೆಯದು. ಬ್ಯಾಟರಿ ಎರಡು ದಿನ ಬರುತ್ತದೆ ಎಂದಿದ್ದ, ನನಗೆ ನಾಲ್ಕು ದಿನ ಬಂತು. ಫೋನು ಮಾಡುವವರು ಯಾರೂ ಇರಲಿಲ್ಲ.

ಮಾತು ಬರೆಯುವುದನ್ನು ಮೊದಲು ಚಹಾದಂಗಡಿಯಲ್ಲೇ ಪರೀಕ್ಷೆ ಮಾಡಿದೆ. ಅಲ್ಲಿ ಕೂಡುವವರೆಲ್ಲ ನಮ್ಮ ಕಾರ್ಖಾನೆಯವರು. ಫೋನು ತೆರೆದು ಟೇಬಲ್ಲಿನ ಮೇಲೆ ಇಟ್ಟು, "ಮಾತಾಡ್ರಿ, ಇದು ಬರೀತೈತಿ," ಎಂದೆ. ನಾನು ಹಾಗೆನ್ನುವ ಮೊದಲೇ ಅದರಲ್ಲಿ ಒಂದು ಸಾಲು ಬಂದಿತ್ತು: "ಕಪ್ ಬಂತು ನೋಡು." ಚಹಾದ ಕಪ್ಪಿನ ವಿಷಯ ಅಂದುಕೊಂಡೆ. ಆದರೆ ಇನ್ನೂ ಕಪ್ಪು ಬಂದಿರಲಿಲ್ಲ. ನನ್ನ ಹಳೆಯ ಜೊತೆಗಾರನೊಬ್ಬ, ಅದೇ ಗರಗಸದ ಮಷೀನಿನವನು, ಬಗ್ಗಿ ಏನೋ ಕೇಳಿದ. ಫೋನು ಬರೆಯಿತು: "ಚಾಕು ಹಿಡಿದಿಯೇನು?"

ನಾನು ಗಾಬರಿಯಾಗಿ ಅವನ ಮುಖ ನೋಡಿದೆ. ಅವನೂ ಓದಿದ. "ಚಾ ಕುಡಿತಿಯೇನು" ಎಂದು ಕೇಳಿದ್ದನಂತೆ, ಲೋಟ ಎತ್ತುವ ಸನ್ನೆ ಮಾಡಿ ತೋರಿಸಿದ. ಎಲ್ಲರೂ ನಕ್ಕರು. ಒಬ್ಬೊಬ್ಬರಾಗಿ ಬಂದು ಫೋನಿಗೆ ಏನೇನೋ ಅಂದು, ಅದು ಬರೆದದ್ದನ್ನು ಓದಿ, ಒಬ್ಬರ ಮೇಲೆ ಒಬ್ಬರು ಬಿದ್ದು ನಕ್ಕರು. ನಾನೂ ನಕ್ಕೆ. ಅವರ ಆಟ ಬಹಳ ಹೊತ್ತು ನಡೆಯಿತು. ಅಷ್ಟು ಹೊತ್ತಿನಲ್ಲಿ ನನಗೆ ಎಂದು ಯಾರೂ ಒಂದು ಮಾತು ಹೇಳಲಿಲ್ಲ. ಎದ್ದು ಮನೆಗೆ ಬಂದು ಫೋನನ್ನು ಗೋಡೆಯ ಗೂಡಿನಲ್ಲಿ ಬೋರಲು ಹಾಕಿದೆ.

ಆದರೂ ಬಾದಾಮಿಗೆ ಹೋಗುವ ವಿಚಾರ ಬಿಡಲಿಲ್ಲ. ದೀಪಾವಳಿ ಮುಗಿದ ಮೇಲೆ ಒಂದು ದಿನ ಹುನಗುಂದದಲ್ಲಿ ಬಸ್ಸು ಬದಲಿಸಿ, ಅಮೀನಗಡದ ಮೇಲೆ ಹಾಯ್ದು ಹೋದೆ. ಅಕ್ಕ ಬನಶಂಕರಿಯ ಗುಡಿಯ ಹತ್ತಿರ ಬುಟ್ಟಿಯಲ್ಲಿ ರೊಟ್ಟಿ, ಝುಣಕ, ಕೆಂಪಿಂಡಿ, ಮೊಸರು ಇಟ್ಟುಕೊಂಡು ಮಾರುತ್ತಾಳೆ. ಮೂವತ್ತು ವರ್ಷದ ಕಾಯಕ ಅದು. ನಾನು ಹೋದಾಗ ಬುಟ್ಟಿ ಅರ್ಧ ಖಾಲಿಯಾಗಿತ್ತು. ನನ್ನನ್ನು ನೋಡಿ ಎದ್ದು ನಿಂತಳು, ಗಲ್ಲ ಸವರಿದಳು, ಅಲ್ಲಿಯೇ ರೊಟ್ಟಿ ಹಾಕಿ ಕೊಟ್ಟಳು. ನಮ್ಮಿಬ್ಬರ ಮಾತು ಯಾವಾಗಲೂ ಹಾಗೆಯೇ, ಉಣ್ಣಿಸುವುದು ಮತ್ತು ಉಣ್ಣುವುದು.

ಫೋನು ತೆಗೆದು ಹಿಡಿದೆ. ಅಕ್ಕ ಬಾಯಿ ತೆರೆಯುವ ಮೊದಲೇ ಅದು ಸುತ್ತಲಿನ ಗದ್ದಲವನ್ನೆಲ್ಲ ಬರೆಯತೊಡಗಿತು. ಯಾರೋ ಮೊಸರು ಕೇಳಿದ್ದು, ಟಂಟಂ ಆಟೋದವನು ಬಾದಾಮಿ ಬಾದಾಮಿ ಎಂದು ಕೂಗಿದ್ದು. "ಇಲ್ಲಿ ಬ್ಯಾಡ, ಮನಿಗಿ ಹೋಗೂಣು," ಎಂದೆ.

ಅಕ್ಕನ ಮನೆ ಬಾದಾಮಿಯಲ್ಲಿ, ಗುಡ್ಡದ ಬುಡದ ಓಣಿಯಲ್ಲಿ. ಬಾಗಿಲು ಎಳೆದುಕೊಂಡು, ಫ್ಯಾನು ಬಂದ್ ಮಾಡಿ, ಇಬ್ಬರೂ ಎದುರಾಬದರಾ ಕೂತೆವು. ನಡುವೆ ಕಾಳು ಅಳೆಯುವ ಸೇರು ಇಟ್ಟು ಅದಕ್ಕೆ ಫೋನು ಆನಿಸಿದೆ.

"ದವಾಖಾನ್ಯಾಗ ಆಕಿ ನಿನಗ ಏನ ಹೇಳಿದ್ಲು? ಇದರ ಮುಂದ ಹೇಳು ಅಕ್ಕಾ. ಬೈದಿದ್ರೂ ಹೇಳು."

ಅಕ್ಕ ಫೋನನ್ನು ನೋಡಿದಳು, ನನ್ನನ್ನು ನೋಡಿದಳು. ಮಾತಾಡಿದಳು. ಫೋನು ಬರೆಯಿತು: "ಹಾಕಿ ನನ್ನ ಮುಂದೆ ಅಂಗಳ. ಸುಳ್ಳ ಏಣಿ."

ಇನ್ನೊಮ್ಮೆ ಹೇಳಿದಳು. ಮತ್ತೆ ಏಣಿಯೇ ಬಂತು. ಮೂರನೆಯ ಸಲ ಅಕ್ಕನ ಕಣ್ಣಲ್ಲಿ ನೀರು ಬಂತು. ಅಷ್ಟು ವರ್ಷ ಹೊತ್ತ ಮಾತನ್ನು ಇಳಿಸಲು ಕೂತರೆ ಅದು ಅಂಗಳ, ಏಣಿ ಎಂದು ಬರೆಯುತ್ತಿತ್ತು. ಆಗ ನನಗೆ ದವಾಖಾನಿಯ ಆ ಹೆಣ್ಣುಮಗಳ ಮಾತು ನೆನಪಾಯಿತು. ಸರದಿ, ಜನರ ನಂತರ, ಬರುತ್ತದೆ. ಆಕೆ ಬೆಂಗಳೂರಿನ ಕಡೆಯವಳಿರಬೇಕು.

"ಅಕ್ಕಾ, ಫೋನಿಗೆ ನಮ್ಮ ಮಾತು ತಿಳಿಯೂದಿಲ್ಲ. ಟೀವಿಯೊಳಗ ಧಾರಾವಾಹಿ ಮಂದಿ ಮಾತಾಡ್ತಾರಲ್ಲ, ಶಿವಯೋಗ ಮಂದಿರದಾಗ ಪ್ರವಚನ ಹೇಳ್ತಾರಲ್ಲ, ಹಂಗ ಮಾತಾಡು."

ಅಕ್ಕ ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಕೈ ಮುಗಿದೆ. ಆಮೇಲೆ ಅವಳು ಚಕ್ಕಳಬಕ್ಕಳ ಹಾಕಿ ಕೂತು, ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಒಂದೊಂದೇ ಶಬ್ದ ಬಿಡಿಸಿ ಹೇಳತೊಡಗಿದಳು. ಅಕ್ಷರ ಬಾರದ ನನ್ನ ಅಕ್ಕ, ಸಾಲು ಸಾಲಾಗಿ ಪುಸ್ತಕದ ಕನ್ನಡದಲ್ಲಿ ಆ ಗಾಜಿನ ಮೇಲೆ ಮೂಡಿದಳು.

"ನಿನ್ನ ಹೆಂಡತಿ ನನಗೆ ಹೇಳಿದಳು. ನಾನು ಹದಿನೈದು ವರ್ಷ ಅವರಿಗೆ ಸುಳ್ಳು ಹೇಳಿದ್ದೇನೆ. ಜನ ಅನ್ನುವುದು ಒಂದು. ನಾನು ಅವರಿಗೆ ಹೇಳುವುದು ಇನ್ನೊಂದು."

ನನಗೆ ಮೊದಲು ಅರ್ಥವಾಗಲಿಲ್ಲ. "ಅಂದ್ರ?" ಎಂದೆ.

ಅಕ್ಕ ಬಾಗಲಕೋಟೆಯ ಒಂದು ಮದುವೆಯ ಸಂಗತಿ ಹೇಳಿದಳು. ಅಲ್ಲಿ ಯಾರೋ ಹಿರಿಯರು, ಇವನ ದನಿ ಮೈಕಿನ ಹಾಗಿದೆ, ಸುಮ್ಮನೆ ಕೂಡಿಸಿರಿ ಅಂದಿದ್ದರಂತೆ. ಹೆಂಡತಿ ನನ್ನ ಕಡೆ ತಿರುಗಿ, ನಿಮ್ಮ ದನಿ ಚಲೋ ಐತಿ ಅಂತಾರ ಎಂದಳಂತೆ. ನನಗೆ ನೆನಪಿತ್ತು. ನಾನು ಎದ್ದು ನಿಂತು ಎರಡು ಭಜನಿ ಪದ ಹಾಡಿದ್ದೆ, ಮಂದಿಯೆಲ್ಲ ನನ್ನನ್ನೇ ನೋಡಿದ್ದರು. ಅದನ್ನು ಹೇಳುವಾಗಲೇ ದವಾಖಾನಿಯಲ್ಲಿ ಇಬ್ಬರೂ ನಕ್ಕದ್ದಂತೆ. ಈಗಲೂ ಅಕ್ಕನಿಗೆ ನಗು ಬಂತು, ನನಗೂ ಬಂತು.

ಆಮೇಲೆ ಅವಳು ನಗುವುದನ್ನು ನಿಲ್ಲಿಸಿ ಮತ್ತೆ ಫೋನಿನ ಕಡೆ ಬಗ್ಗಿದಳು. ಫೋನಿನ ಮೇಲೆ ಹೊಸ ಸಾಲು ಬಂತು.

"ನಿನ್ನ ಕೆಲಸ ಬಿಡಿಸಿದ ದಿನ ಮಾಲೀಕರು ಹೇಳಿದ್ದು ಬೇರೆ. ಕಿವಿ ಕೇಳದವನನ್ನು ಮಷೀನಿನ ಹತ್ತಿರ ನಿಲ್ಲಿಸಿಕೊಂಡು ಏನಾದರೂ ಆದರೆ ಯಾರು ಹೊಣೆ. ಇವನನ್ನು ನಾಳೆಯಿಂದ ಕಳಿಸಬೇಡ. ಅಷ್ಟೇ ಹೇಳಿದ್ದು."

ನಾನು ಆ ಸಾಲನ್ನು ನೋಡುತ್ತಾ ಕೂತೆ. ಚಹಾದಂಗಡಿಯವರೆಲ್ಲ ಅದೇ ಕಾರ್ಖಾನೆಯವರು. ಅವರಿಗೆ ಅಂದೇ ಗೊತ್ತಿರಬೇಕು. ನಿಮ್ಮಂಥಾ ಕೈ ಮತ್ತ ಸಿಗೂದಿಲ್ಲ ಅಂದ್ರು ಎಂದು ನಾನು ಹೇಳಿದಾಗಲೆಲ್ಲ ಅವರು ನನ್ನ ಮುಖ ನೋಡುತ್ತಿದ್ದ ರೀತಿ ಕಣ್ಣ ಮುಂದೆ ಬಂತು. ಫೋನು ಬರೆದಿದ್ದ ಆ ಮೊದಲ ಸಾಲೂ ಆಗಲೇ ತಿಳಿಯಿತು. ಕಪ್ ಬಂತು ನೋಡು ಅಲ್ಲ. ಕೆಪ್ಪ ಬಂದ ನೋಡು. ನಮ್ಮ ಕಡೆ ಕಿವುಡನಿಗೆ ಕೆಪ್ಪ ಅನ್ನುತ್ತಾರೆ.

"ಮುಂದ?" ಎಂದೆ.

"ನಾನು ಹೋದ ಮೇಲೆ ಇವರಿಗೆ ನಿಜವಾದ ಮಾತು ಯಾರಾದರೂ ಹೇಳುತ್ತಾರೆ. ಆಗ ಇವರು ಒಬ್ಬರೇ ಇರುತ್ತಾರೆ. ನೀವು ಹತ್ತಿರ ಇರಿ ಎಂದಳು. ನಾನು ಇರಲಿಲ್ಲ ತಮ್ಮಾ."

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದೆ. ಕೆರೆಯ ಮೆಟ್ಟಿಲ ಮೇಲೆ ಹೋಗಿ ಕೂತೆ. ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಮೇಲೆ ಹೋಗುತ್ತಿತ್ತು, ಕಲ್ಲಿಗೆ ಬೀಳುತ್ತಿತ್ತು, ಸಪ್ಪಳವಿಲ್ಲ. ಮೊದಲು ಬಂದದ್ದು ಸಿಟ್ಟು. ನನ್ನ ಬಗ್ಗೆ ಊರೆಲ್ಲ ತಿಳಿದದ್ದು ನನಗೊಬ್ಬನಿಗೆ ತಿಳಿಯದ ಹಾಗೆ ಮಾಡಿದಳಲ್ಲ ಎಂದು. ಹದಿನೈದು ವರ್ಷ ನನ್ನನ್ನು ಸಣ್ಣ ಕೂಸಿನ ಹಾಗೆ ನಡೆಸಿದಳಲ್ಲ ಎಂದು. ನಂತರ ಅವಳ ಕಡೆಯಿಂದ ನೋಡಿದೆ. ಒಬ್ಬ ಬಾಯಿಗೆ ಬಂದದ್ದು ಅನ್ನುತ್ತಾನೆ, ಅದನ್ನು ಅವಳು ಕೇಳಬೇಕು, ನುಂಗಬೇಕು, ನಾನು ಅವಳ ಮುಖ ನೋಡುತ್ತಾ ಕಾಯುತ್ತಿರುವಾಗಲೇ ಮತ್ತೊಂದು ಮಾತು ಹುಡುಕಬೇಕು. ಅದೂ ನಗುತ್ತಾ. ಎಷ್ಟು ಸಲ ಹೀಗೆ ಮಾಡಿದ್ದಳೋ. ದಿನಾ ಹೊಲಸು ಮಾತೆಲ್ಲ ಅವಳ ಪಾಲಿಗೆ, ಚಲೋ ಮಾತೆಲ್ಲ ನನ್ನ ಪಾಲಿಗೆ.

ಬಿಸಿಲು ಇಳಿಯುವವರೆಗೆ ಅಲ್ಲಿದ್ದೆ. ಅಕ್ಕ ಹುಡುಕಿಕೊಂಡು ಬಂದು ಒಂದು ಮೆಟ್ಟಿಲು ಮೇಲೆ ಕೂತಳು. ನಾನು ಫೋನು ತೆರೆದು ಅವಳ ಕಡೆ ಹಿಡಿದೆ. "ನೀನರ ಖರೆ ಹೇಳಿದ್ಯೋ, ನೀನೂ ಏನರ ಬದಲ ಮಾಡಿ ಹೇಳಿದ್ಯೋ?"

ಅಕ್ಕ ಯೋಚಿಸಿ, ಮತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳು. "ನನಗೆ ಅಷ್ಟು ಬುದ್ಧಿ ಇಲ್ಲ," ಎಂದು ಬಂತು.

ಮರುದಿನ ಬಸ್ಸಿನಲ್ಲಿ ಅಮೀನಗಡ ದಾಟಿದ ಮೇಲೆ ಅದನ್ನೆಲ್ಲ ಮತ್ತೆ ಓದಬೇಕು ಎಂದು ಫೋನು ತೆಗೆದೆ. ಏನೂ ಇರಲಿಲ್ಲ. ಬರೆದದ್ದನ್ನು ಇಟ್ಟುಕೊಳ್ಳಲು ಬೇರೆ ಏನೋ ಒತ್ತಬೇಕಂತೆ, ಅಂಗಡಿಯವನು ಆಮೇಲೆ ತೋರಿಸಿದ. ಮನೆಗೆ ಬಂದವನೇ ಒಂದು ನೋಟ್‌ಬುಕ್ಕಿನಲ್ಲಿ ನೆನಪಿದ್ದಷ್ಟನ್ನು ಬರೆದಿಟ್ಟೆ. ಬರೆಯುತ್ತಾ ಹೋದಂತೆ ಅದು ಫೋನಿನ ಕನ್ನಡದಲ್ಲಿ ಬರಲಿಲ್ಲ. "ಮಂದಿ ಅನ್ನೂದೊಂದು, ನಾ ಅವರಿಗೆ ಹೇಳೂದೊಂದು ಅಕ್ಕಾರ. ನಾ ಹೋದ ಮ್ಯಾಲ ಅವರೊಬ್ರ ಆಗ್ತಾರ," ಎಂದು ಬಂತು. ಆಗ ಅವಳ ತುಟಿ ಕಂಡಿತು. ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ.

ಚಹಾದಂಗಡಿಗೆ ಒಂದು ವಾರ ಹೋಗಲಿಲ್ಲ. ನಂತರ ಹೋದೆ. ಮಾಲಕರ ಮಾತನ್ನು ಅಲ್ಲಿ ಮತ್ತೆ ಎತ್ತಿಲ್ಲ. ಒಬ್ಬರೂ ಕೇಳಿಲ್ಲ. ಟೇಬಲ್ಲಿನ ಮೇಲೆ ಫೋನು ತೆರೆದಿಡುವುದನ್ನೂ ಬಿಟ್ಟಿದ್ದೇನೆ. ನನ್ನ ಹಿಂದೆ ಅವರು ಏನು ಅನ್ನುತ್ತಾರೋ ಅನ್ನಲಿ. ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ, ಪುಸ್ತಕದ ಕನ್ನಡ ಮಾತಾಡುವವರ ಮುಂದೆ ಮಾತ್ರ ಅದನ್ನು ಹಿಡಿಯುತ್ತೇನೆ. ಅಲ್ಲಿ ಅದು ಚಲೋ ಕೆಲಸ ಮಾಡುತ್ತದೆ. ಯಾರಾದರೂ ಇಂಥ ಫೋನು ತಗೋಬಹುದೇ ಎಂದು ಕೇಳಿದರೆ ತಗೋರಿ ಅನ್ನುತ್ತೇನೆ. ಚೆಂದ ಮೇಲೆ ಮೇಲಿನದು, ಕೆಲಸ ಪರವಾಗಿಲ್ಲ.

ಅಕ್ಕನಿಗೂ ಅಂಥದ್ದೇ ಒಂದನ್ನು, ಕೆಂಪು ಬಣ್ಣದ್ದು, ಕೊಡಿಸಿದ್ದೇನೆ. ಪ್ರತಿ ರವಿವಾರ ಮುಂಜಾನೆ ಬುಟ್ಟಿ ಹೊರುವ ಮೊದಲು ಅವಳು ವಿಡಿಯೋ ಕಾಲ್ ಮಾಡುತ್ತಾಳೆ. ಬಾಗಿಲ ಬೆಳಕಿಗೆ ಮುಖ ಕೊಟ್ಟು ಕೂಡಲು ಕಲಿಸಿದ್ದೇನೆ. ಅವಳ ತುಟಿ ಓದಲು ನಾನು ಈಗ ಕಲಿಯುತ್ತಿದ್ದೇನೆ, ಎಲೆ ಅಡಿಕೆ ತುಂಬಿದ ಬಾಯಿ ಅದು, ಹತ್ತರಲ್ಲಿ ಮೂರು ಮಾತು ತಿಳಿದರೆ ಹೆಚ್ಚು. ಹೋದ ರವಿವಾರ ನೆಟ್ವರ್ಕ್ ಸರಿ ಇರಲಿಲ್ಲ. ಅವಳು ಏನೋ ಹೇಳಲು ಬಾಯಿ ತೆರೆದಳು, ಚಿತ್ರ ಹಾಗೆಯೇ ನಿಂತುಬಿಟ್ಟಿತು. ನಾನು ಕಾಯುತ್ತಾ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅದು ಅಲ್ಲಾಡಿದಾಗ ಅವಳು ಹೇಳಿ ಮುಗಿಸಿದ್ದಳು, ಉತ್ತರಕ್ಕೆ ನನ್ನ ಮುಖ ನೋಡುತ್ತಿದ್ದಳು. "ಇನ್ನೊಮ್ಮೆ ಹೇಳು ಅಕ್ಕಾ," ಎಂದೆ.